ಹಕೀಮರ ಗ್ರೀಕು, ಅಪ್ಪನ ಕುಂಟೆ

ಆ ವರ್ಷ ನನ್ನ ಫಾರ್ಸಿ ತರಗತಿಯಲ್ಲಿ ಇಬ್ಬರೇ ಹುಡುಗರು ಉಳಿದಿದ್ದರು. ಒಬ್ಬನಿಗೆ ಫಾರ್ಸಿ ಬರುತ್ತಿರಲಿಲ್ಲ, ಇನ್ನೊಬ್ಬ ಶಾಲೆಗೇ ಬರುತ್ತಿರಲಿಲ್ಲ. ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲಿನ ನಾಲ್ಕನೆಯ ಬೇಸಿಗೆ ಅದು. ಉದಗೀರ ಆಗ ಬೀದರ ಜಿಲ್ಲೆಯಲ್ಲಿತ್ತು. ಹೈಸ್ಕೂಲಿನಲ್ಲಿ ಉರ್ದು ಹಿಂದೆ ಸರಿದು ಮರಾಠಿ ತುಕಡಿ, ಕನ್ನಡ ತುಕಡಿ ಅಂತ ಹೊಸ ವರ್ಗಗಳು ಎದ್ದಿದ್ದವು. ನಾನೋ ಅಕ್ಷರ ತಿದ್ದಿದ್ದರಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ ಉರ್ದುವಿನಲ್ಲೇ ಕಲಿತವನು. ಕನ್ನಡದಲ್ಲಿ ನಾನು ಬರೆಯುತ್ತಿದ್ದದ್ದು ಊರಿಗೆ ಹಾಕುವ ಕಾಗದಗಳನ್ನು ಮಾತ್ರ. ಅವನ್ನೂ ಓದಲು ಬಾರದ ಅಪ್ಪನಿಗೆ ಇನ್ನೊಬ್ಬರು ಓದಿ ಹೇಳುತ್ತಿದ್ದರು.

ವಾರ್ಷಿಕ ಪರೀಕ್ಷೆ ಮುಗಿದ ದಿನ ಹೆಡ್‌ಮಾಸ್ತರು ಕರೆಸಿದರು. ಮರಾಠಿ ಮಂದಿ, ಸೋಲಾಪುರದ ಕಡೆಯಿಂದ ಬಂದು ವರ್ಷವಾಗಿತ್ತು, ಕನ್ನಡವನ್ನು ನಮ್ಮಿಂದಲೇ ಕಲಿತಿದ್ದರು.

"ಬಘಾ, ನೋಡ್ರಿ ಮಾಸ್ತರ, ಜೂನದಿಂದ ಫಾರ್ಸಿ ಬಂದ್. ನಿಮ್ಮ ಹೆಸರು ಹೆಚ್ಚಾದವರ ಯಾದಿಯೊಳಗ ಹೋಗ್ತದ," ಅಂದರು. "ಒಂದೇ ದಾರಿ ಅದ. ಹೊಸ ಸಿಲಬಸ್‌ನಾಗ ಪ್ರಾಚೀನ ಜಗತ್ತು ಅಂತ ಒಂದು ವಿಷಯ ಬಂದದ. ಗ್ರೀಸ್, ರೋಮ್. ಕನ್ನಡ ತುಕಡಿಗಿ ಅದನ್ನ ಹೇಳಾವ್ರು ಯಾರೂ ಇಲ್ಲ. ಸಾಲಿ ಸುರು ಆದ ಮ್ಯಾಲ ಬೀದರದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರ್ತಾರ. ಅವರ ಎದುರು ಒಂದು ಪಾಠಾ ಮಾಡ್ರಿ. ಅವರಿಗಿ ಪಸಂದ ಬಿದ್ರ ಉಳೀತೀರಿ."

"ಬೀಳದಿದ್ರ?"

"ತಹಸೀಲ ಕಚೇರಿಯೊಳಗ ಗುಮಾಸ್ತ."

ನನಗೆ ಅದು ಬೇಡವಾಗಿತ್ತು. ತಹಸೀಲ ಕಚೇರಿ ಕೆಟ್ಟ ಜಾಗವೆಂದಲ್ಲ, ಅಲ್ಲಿ ಹೆಂಚಿನ ಮಾಡಿತ್ತು, ತಂಪು ನೀರಿತ್ತು. ಆದರೆ ಪಾಠ ಹೇಳುವುದನ್ನು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ, ಬೇರೇನೂ ಬೇಕಾಗಿಯೂ ಇರಲಿಲ್ಲ. ಒಪ್ಪಿಕೊಂಡೆ. ಹೆಡ್‌ಮಾಸ್ತರು ಇಂಗ್ಲಿಷಿನ ಎರಡು ದಪ್ಪ ಇತಿಹಾಸದ ಸಂಪುಟಗಳನ್ನು ನನ್ನ ತೋಳಿಗೆ ಹೇರಿದರು. ಎರಡನ್ನೂ ಒಟ್ಟಿಗೆ ಹೊತ್ತರೆ ನಡೆಯುವಾಗ ದಾರಿ ಕಾಣುತ್ತಿರಲಿಲ್ಲ.

ಮನೆಯಲ್ಲಿ ತೆರೆದು ನೋಡಿದರೆ ಒಂದು ಸಮಾಧಾನ ಕಾದಿತ್ತು. ಈ ಗ್ರೀಸು ಬೇರಾವುದೂ ಅಲ್ಲ, ನಮ್ಮ ಉರ್ದು ಪುಸ್ತಕಗಳ ಯುನಾನ್. ಸಿಕಂದರ ನನಗೆ ಹಳೆಯ ಪರಿಚಯದವನು. ನಾನು ಚಿಕ್ಕವನಿದ್ದಾಗ ಎದುರು ಮಾತಾಡಿದರೆ ಅವ್ವ "ದೊಡ್ಡ ಅಫಲಾತೂನ ಬಂದಾನ ನೋಡ್" ಅಂತ ಬಯ್ಯುತ್ತಿದ್ದಳಲ್ಲ, ಆ ಅಫಲಾತೂನನೂ ಗ್ರೀಕರ ದೊಡ್ಡ ತತ್ವಜ್ಞಾನಿಯಾಗಿ ಗಡ್ಡ ಬಿಟ್ಟುಕೊಂಡು ಇಪ್ಪತ್ತೆರಡನೆಯ ಪುಟದಲ್ಲಿ ಕೂತಿದ್ದ. ಅವ್ವನ ಬೈಗುಳಕ್ಕೆ ಇಷ್ಟು ದೊಡ್ಡ ಮನೆತನವಿದೆಯೆಂದು ಗೊತ್ತಾಗಿ ನನಗೆ ಹೆಮ್ಮೆಯೇ ಆಯಿತು.

ಯುನಾನ್ ಅಂದ ಮೇಲೆ ಉದಗೀರದಲ್ಲಿ ಹೋಗಬೇಕಾದ ಮನೆ ಒಂದೇ. ಬಜಾರಿನ ರಸ್ತೆಯಲ್ಲಿ ಬಣ್ಣ ಪೂರ್ತಿ ಹಾರಿದ ಒಂದು ಬೋರ್ಡಿನ ಕೆಳಗೆ ಹಕೀಮರ ಯುನಾನಿ ದವಾಖಾನೆ ಇತ್ತು. ಎಪ್ಪತ್ತು ದಾಟಿದ ಮುದುಕರು. ಮಗ ಹೈದರಾಬಾದಿನಲ್ಲಿ ಸೂಜಿ ಚುಚ್ಚುವ ಡಾಕ್ಟರಾಗಿದ್ದ. ತಂದೆಯ ವಿದ್ಯೆ ಅವನಿಗೆ ಬೇಡವಾಗಿತ್ತು, ಅದನ್ನು ಮುಚ್ಚಿಡದೆ ಹೇಳಿಯೂ ಇದ್ದ. ನಾನು ಹೋಗಿ ಗ್ರೀಕು ಕಲಿಯಬೇಕು ಅಂದಾಗ ಹಕೀಮರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ಇನ್ನೊಮ್ಮೆ ನೋಡಿದರು.

"ದವಾಕ್ಕ ಬಂದೀರಿ ಅಂದ್ಕೊಂಡೆ ಮಾಸ್ತರ್‌ಸಾಬ್. ಇಲ್ಮಕ್ಕ, ವಿದ್ಯಾ ಕಲೀಲಾಕ ಯಾರೂ ಬಂದಿಲ್ಲ, ಬಾಳ ವರ್ಷ ಆಯ್ತು."

ಅವರ ಹತ್ತಿರ ಒಂದು ಬಯಾಜ್ ಇತ್ತು. ಬಯಾಜ್ ಅಂದರೆ ಹಕೀಮರು ಔಷಧಿಗಳ ಅಳತೆ, ಮಾಡುವ ಕ್ರಮಗಳನ್ನು ಬರೆದಿಡುವ ಕೈಬರಹದ ಪುಸ್ತಕ. ಹದಿನೆಂಟರ ವಯಸ್ಸಿನಲ್ಲಿ ತಮ್ಮ ಉಸ್ತಾದರ ಮುಂದೆ ಕೂತು ಬರೆದುಕೊಂಡದ್ದು. ಉಸ್ತಾದರಿಗೆ ಯಾರೋ ಪಾದ್ರಿ ಗ್ರೀಕ್ ಅಕ್ಷರ ಕಲಿಸಿದ್ದರಂತೆ. ಅದರಲ್ಲಿ ಪ್ರತಿ ಬೇರು, ತೊಗಟೆಯ ಹೆಸರಿನ ಪಕ್ಕ ಗ್ರೀಕ್ ಹೆಸರೂ ಇತ್ತು, ಕಪ್ಪು ಮಸಿಯಲ್ಲಿ, ಮುತ್ತು ಪೋಣಿಸಿದ ಹಾಗೆ.

ಹಕೀಮರದು ಒಂದೇ ಷರತ್ತು. "ಖಾಲಿ ಕೂತು ಕಲೀಬಾರ್ದು. ಕೈಗಿ ಕೆಲಸ ಇದ್ರ ತಲಿ ಓಡ್ಯಾಡಂಗಿಲ್ಲ." ಹೀಗಾಗಿ ದಿನಾ ಬೆಳಿಗ್ಗೆ ಏಳಕ್ಕೆ ನಾನು ಔಷಧಿ ಕುಟ್ಟುವ ಕಲ್ಬತ್ತಿನ ಮುಂದೆ ಚಕ್ಕಳಮಕ್ಕಳ ಹಾಕುತ್ತಿದ್ದೆ. ಒಂದು ಅಕ್ಷರಕ್ಕೆ ಒಂದು ಪೆಟ್ಟು. ಆಲ್ಫಾ, ಬೇಟಾ, ಗಾಮಾ. ಇಪ್ಪತ್ನಾಲ್ಕು ಅಕ್ಷರ ಮುಗಿದರೆ ಒಂದು ಸುತ್ತು. ಒಣಶುಂಠಿ ಹನ್ನೆರಡು ಸುತ್ತಿಗೆ ಪುಡಿಯಾಗುತ್ತಿತ್ತು, ಅಳಲೆಕಾಯಿಗೆ ಇಪ್ಪತ್ತು ಬೇಕು. ಮೊದಲ ವಾರ ಅಂಗೈ ಬೊಬ್ಬೆ ಬಂತು, ಎರಡನೆಯ ವಾರ ಅಕ್ಷರಮಾಲೆ ಬಂತು. ಆಮೇಲೆ ಪಾಟಿಯ ಮೇಲೆ ಬಯಾಜ್ ನೋಡಿ ನೋಡಿ ತಿದ್ದುವುದು.

ಪದಗಳ ಪಾಠ ಔಷಧಿಯ ಡಬ್ಬಿಗಳಿಂದಲೇ ನಡೆಯುತ್ತಿತ್ತು. ಹಕೀಮರು ಒಂದು ಡಬ್ಬಿ ಮುಚ್ಚಳ ತೆಗೆದು ಮೂಸಲು ಕೊಡುವರು, ಹೆಸರು ಹೇಳುವರು. ಅಫೀಮು ಗ್ರೀಕರದು. ಕಫಕ್ಕೆ ನಾವು ಅನ್ನುವ ಬಲಗಮ ಗ್ರೀಕರದು. ಅಷ್ಟಕ್ಕೇ ನಿಲ್ಲಲಿಲ್ಲ. ಬರೆಯುವ ಕಲಮು ಅವರ ಜೊಂಡಿನ ಕಡ್ಡಿ, ಕೋರ್ಟಿನ ಕಾನೂನು ಅವರ ಅಳತೆಯ ಕೋಲು. ಅರಬರ ಕೈಯಿಂದ ಫಾರ್ಸಿಗೆ, ಫಾರ್ಸಿಯಿಂದ ಉರ್ದುವಿಗೆ, ಅಲ್ಲಿಂದ ನಮ್ಮ ಅವ್ವನ ಬಾಯಿಗೆ ಬಂದು ಕೂತಿವೆ. ಅವ್ವ ಕೆಮ್ಮಿ "ಬಲಗಮ ಆಗ್ಯಾದೋ ತಮ್ಮಾ" ಅನ್ನುವಾಗ ಗ್ರೀಕು ಮಾತಾಡುತ್ತಿದ್ದಳು ಅಂತ ನೆನೆದು ನಾನು ಒಬ್ಬನೇ ನಕ್ಕೆ. ಒಂದು ತೊಂದರೆ ಇತ್ತು. ಹಕೀಮರ ಗ್ರೀಕಿನಲ್ಲಿ ಬರೀ ನಾಮಪದಗಳು, ಕ್ರಿಯಾಪದವೇ ಇಲ್ಲ. ಆ ಭಾಷೆಯಲ್ಲಿ ಶುಂಠಿ ಇತ್ತು, ತಿನ್ನುವವರು ಇರಲಿಲ್ಲ.

ರೋಮಿಗಾಗಿ ಬಹಳ ದೂರ ಹೋಗಬೇಕಾಗಲಿಲ್ಲ. ದವಾಖಾನೆಯ ಎದುರು ಸಾಲಿನಲ್ಲೇ ಸರಕಾರಿ ಆಸ್ಪತ್ರೆಯ ಕಂಪೌಂಡರರ ಮನೆ. ಅವರಿಗೆ ಲ್ಯಾಟಿನ್ ಬರುತ್ತಿತ್ತು, ಅಂದರೆ ಡಾಕ್ಟರ ಚೀಟಿಯಲ್ಲಿ ಬರುವಷ್ಟು. ಬಿಸ್ ದೀಯೆ, ದಿನಕ್ಕೆರಡು ಸಲ. ತೇರ್ ದೀಯೆ, ಮೂರು ಸಲ. ಊಟಕ್ಕೆ ಮೊದಲು, ಊಟದ ನಂತರ, ಮಲಗುವ ಹೊತ್ತಿಗೆ. "ನಮ್ಮ ಲ್ಯಾಟಿನ್ ಇಲ್ಲಂದ್ರ ಈ ಊರಾಗ ಒಬ್ಬರೂ ವ್ಯಾಳ್ಯಾಕ್ಕ ಗುಳಿಗಿ ನುಂಗಂಗಿಲ್ರೀ" ಅನ್ನುವರು. ಆ ಲ್ಯಾಟಿನಿನಿಂದ ಸಾಮ್ರಾಜ್ಯ ಆಳಲಿಕ್ಕೆ ಆಗದು, ಅಜೀರ್ಣ ವಾಸಿ ಮಾಡಬಹುದು. ಆದರೆ ಮನುಷ್ಯ ಧಾರಾಳಿ. ಗೋಡೆಯ ಕ್ಯಾಲೆಂಡರ್ ಕಿತ್ತು ನನ್ನ ಮುಂದೆ ಹಾಸಿ, ಸೆಪ್ಟೆಂಬರಿನಿಂದ ಡಿಸೆಂಬರವರೆಗೆ ಏಳು, ಎಂಟು, ಒಂಬತ್ತು, ಹತ್ತು ಅಡಗಿದ್ದನ್ನು ತೋರಿಸಿದರು. ಸಪ್ತ, ಅಷ್ಟ, ನವ, ದಶ ಅಂತ ನಾನು ಬೆರಳು ಮಡಿಸಿದಾಗ ಇಬ್ಬರಿಗೂ ರೋಮಾಂಚನವಾಯಿತು. ಆ ಸಂತೋಷಕ್ಕೆ ಅವರ ಮನೆಯಲ್ಲಿ ಎರಡು ಕಪ್ ಚಹಾ ಕುಡಿದೆ.

ಗ್ರೀಸಿಗೂ ರೋಮಿಗೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಆಸ್ಪತ್ರೆಯ ಮಿಕ್ಸ್ಚರು ಬಣ್ಣದ ನೀರು ಅಂತ ಹಕೀಮರು ಯಾರ ಎದುರೋ ಅಂದಿದ್ದರು, ಹಕೀಮರ ಲೇಹ್ಯ ಬರೀ ಬೆಲ್ಲ ಅಂತ ಕಂಪೌಂಡರರು ಅಂದಿದ್ದರು. ನಾನು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಕೂತು ಇಬ್ಬರ ದೂರನ್ನೂ ಕೇಳುತ್ತಿದ್ದೆ.

ಮೇ ತಿಂಗಳ ಕೊನೆಗೆ ಹೆಡ್‌ಮಾಸ್ತರು ರಂಗತಾಲೀಮು ಇಟ್ಟರು. ಖಾಲಿ ವರ್ಗ, ಅವರೊಬ್ಬರೇ ಹಿಂದಿನ ಬೆಂಚಿನಲ್ಲಿ. ನಾನು ಹುರುಪಿನಿಂದ ಖಡು ಹಿಡಿದೆ, ಕರಿಹಲಗೆಯ ಬಲತುದಿಯಿಂದ ಶುರು ಮಾಡಿ ಆರು ಗ್ರೀಕ್ ಪದಗಳನ್ನು ಸರಸರ ಬರೆದು ತಿರುಗಿ ನಿಂತೆ. ಶಭಾಷ್‌ಗಿರಿಗೆ ಕಾದೆ.

ಹೆಡ್‌ಮಾಸ್ತರು ಎದ್ದು ಬಂದರು. ಕೈಯಲ್ಲಿದ್ದ ಇತಿಹಾಸದ ಸಂಪುಟ ತೆರೆದು, ಗ್ರೀಕ್ ಬರಹವಿದ್ದ ಒಂದು ನಾಣ್ಯದ ಚಿತ್ರವನ್ನು ಹಲಗೆಯ ಪಕ್ಕ ಹಿಡಿದರು. ಅದರಲ್ಲಿ ಅಕ್ಷರಗಳು ಎಡದಿಂದ ಬಲಕ್ಕೆ ಹೋಗಿದ್ದವು. ಮೂರು ಹಲ್ಲಿನ ಅಕ್ಷರದ ಹಲ್ಲು ಅಲ್ಲಿ ಬಲಕ್ಕೆ, ನನ್ನದರಲ್ಲಿ ಎಡಕ್ಕೆ. ಆರಕ್ಕೆ ಆರೂ ಪದ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ.

"ಮಾಸ್ತರ, ಇದು ಫಾರ್ಸಿ ವರ್ಗಾನೇ. ಟೊಪಗಿ ಅಷ್ಟೇ ಹೊಸಾದು," ಅಂದರು. ಕುಹಕವಿರಲಿಲ್ಲ, ಮರುಕವಿತ್ತು, ಅದೇ ಹೆಚ್ಚು ಚುಚ್ಚಿತು. "ಈ ಅಕ್ಷರಾ ಗಿಕ್ಷರಾ ಬಿಟ್ಟುಬಿಡ್ರಿ. ನೋಟ್ಸ್ ಬರಸ್ರಿ, ಇಸವಿ, ರಾಜರ ಹೆಸರು. ಮಕ್ಕಳು ಬಾಯಿಪಾಠ ಹೇಳ್ತಾರ. ಮತ್ತ ಆ ಹಕೀಮರ ವಿಷಯಾ ಸಾಹೇಬರ ಮುಂದ ತೆಗೀಬ್ಯಾಡ್ರಿ. ದಿನಾ ಹೆಂಗ ಅವಾ ನಿಮಗ ಗೊತ್ತದ."

ದಿನಗಳು ಹೇಗಿದ್ದವೆಂದು ನನಗೆ ಗೊತ್ತಿತ್ತು. ಹಕೀಮರ ಓಣಿಯಲ್ಲಿ ಎಷ್ಟೋ ಮುಸಲ್ಮಾನರು ಊರು ಬಿಟ್ಟು ಹೋಗಿ ಮನೆಗಳಿಗೆ ಬೀಗ ಬಿದ್ದಿತ್ತು. ಆದರೂ ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಹೋದದ್ದು ಆ ಮುದುಕರ ಮೇಲೆಯೇ. ನೆಟ್ಟಗೆ ದವಾಖಾನೆಗೆ ಹೋಗಿ ಪುಸ್ತಕದ ಚಿತ್ರವನ್ನು ಬಯಾಜಿನ ಪಕ್ಕ ಇಟ್ಟೆ.

ಹಕೀಮರು ಎರಡರ ಮೇಲೂ ಬೆರಳಾಡಿಸಿ ನೋಡಿದರು. "ಉಸ್ತಾದರು ತಮ್ಮ ಕೈಗಿ ಬರೂಹಂಗ ತಿರುಗಿಸ್ಕೊಂಡಿರಬೇಕು," ಅಂದರು. "ಐವತ್ತು ವರ್ಷಾ ನಾ ಉಲ್ಟಾ ಓದೀನಿ. ನಿಮಗೂ ಉಲ್ಟಾ ಕಲ್ಸಿದೆ. ಮಾಫ್ ಮಾಡ್ರಿ ಮಾಸ್ತರ್‌ಸಾಬ್." ಬಯಾಜ್ ಮುಚ್ಚಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಅಟ್ಟದ ಮೇಲೆ ಇಟ್ಟುಬಿಟ್ಟರು. ನನ್ನ ಕೈಯಿಂದ ಎಂಥ ಕೆಲಸ ಆಯಿತು ಅನ್ನಿಸಿತು. ಸಿಟ್ಟು ಇಳಿದು ನಾಚಿಕೆ ಏರಿತು, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಮರುದಿನ ಊರಿಗೆ ಹೊರಟೆ. ನಿಲಂಗಾದಲ್ಲಿ ಬಸ್ಸು ಬದಲಿಸಿ, ಉಮರ್ಗಾದಲ್ಲಿಳಿದು, ದಾಳಿಂಬದ ಹಾದಿಯಲ್ಲಿ ನಮ್ಮ ಹೊಲಕ್ಕೆ ನಡೆದೇ ಬಂದೆ. ಅಪ್ಪ ಕುಂಟೆ ಹೊಡೆಯುತ್ತಿದ್ದ. ಮಳೆ ಬೀಳುವ ಮೊದಲು ತೊಗರಿಯ ಕೂಳೆ ಕಿತ್ತು ಎರೆಮಣ್ಣು ಹಸನು ಮಾಡುವ ಕೆಲಸ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಬಂದಿತ್ತು. ನಾನು ಬದುವಿನ ಬೇವಿನ ನೆರಳಿಗೆ ಕೂತು ಪಾಟಿ ತೆಗೆದೆ. ಎಡದಿಂದ ಬಲಕ್ಕೆ ಬರೆಯುವುದು, ಕೈ ತಪ್ಪುವುದು, ಅಳಿಸುವುದು. ಎರಡು ದಿನ ಇದೇ ನಡೆಯಿತು. ಮೂರನೆಯ ದಿನ ಅಪ್ಪ ಬದುವಿಗೆ ಬಂದು ಎತ್ತು ನಿಲ್ಲಿಸಿದ.

"ಏನು ಬರದು ಬರದು ಅಳಸ್ಲಾಕತ್ತೀದಿ ತಮ್ಮಾ?"

"ಉಲ್ಟಾ ಕಲ್ತೀನಿ ಅಪ್ಪಾ. ಎಡಗಡಿಂದ ಬರೀಬೇಕಂತ. ರೂಢಿ ಮಾಡ್ಲಾಕತ್ತೀನಿ."

"ಮೊದಲ ಆ ಕಡಿಂದ ಬರೀತಿದ್ದಿ, ಈಗ ಈ ಕಡಿಂದ. ಇರ್ಲಿ. ತುದಿ ಮುಟ್ಟಿದ ಮ್ಯಾಲ ಏನ್ ಮಾಡ್ತೀ?"

"ಕೈ ಎತ್ತಿ ಮತ್ತ ಮೊದಲಿನ ತುದೀಗಿ ಬಂದು ಕೆಳಗಿನ ಸಾಲು ಹಿಡೀತೀನಿ."

"ಖಾಲಿ ಕೈಲೆ ಬರ್ತೀ?"

"ಹೂಂ, ಖಾಲಿ ಕೈಲೆ."

ಅಪ್ಪ ನಕ್ಕ ನಗೆಗೆ ಎತ್ತುಗಳು ಕಿವಿ ನಿಮಿರಿಸಿದವು. "ಹಂಗ ಕುಂಟಿ ಹೊಡದ್ರ ನನ್ನ ಎತ್ತೇ ನನಗ ನಗ್ತಾವ! ಬದೂಕ ಬಂದಿ ಅಂದ್ರ ಅಲ್ಲೇ ತಿರುಗಿ ಹೊಡಕೋತ ಹೋಗಬೇಕು. ಅರ್ಧಾ ನಡಿಗಿ ದಂಡ ಆತಲ್ಲೋ ನಿಮ್ಮ ಸಾಲಿ ಕಲ್ತವ್ರದು." ಎತ್ತಿನ ಬೆನ್ನು ಚಪ್ಪರಿಸಿ ಕುಂಟೆ ತಿರುಗಿಸಿ ಹೋದ. ಅತ್ತ ಹೋದ ಸಾಲಿನ ಪಕ್ಕದಲ್ಲೇ ಇತ್ತ ಬರುವ ಸಾಲು ಬೀಳುತ್ತಿತ್ತು. ಅಪ್ಪನ ಮಾತಿಗೆ ನನಗೆ ಸ್ವಲ್ಪ ಸಿಟ್ಟೂ ಬಂತು.

ಊಟವಾದ ಮೇಲೆ ಬೇಸರಕ್ಕೆ ಇತಿಹಾಸದ ಸಂಪುಟ ತೆಗೆದೆ. ನಾನು ಇಲ್ಲಿಯವರೆಗೆ ಪುಟದಡಿಯ ಸಣ್ಣಕ್ಷರಗಳನ್ನು ಮುಟ್ಟಿರಲಿಲ್ಲ. ಇರುವೆಯಂಥ ಅಕ್ಷರ, ಅದೂ ಇಂಗ್ಲಿಷು. ಆ ದಿನ ಮಾಡಲಿಕ್ಕೆ ಬೇರೆ ಕೆಲಸವಿಲ್ಲದ್ದರಿಂದ ಓದಿದೆ. ಲಿಪಿಯ ಅಧ್ಯಾಯದ ಅಡಿಯಲ್ಲಿ ಹೀಗೊಂದು ವಿಷಯವಿತ್ತು: ಗ್ರೀಕರು ಅಕ್ಷರಗಳನ್ನು ಪಡೆದದ್ದು ಪೂರ್ವದ ಕಡಲ ವ್ಯಾಪಾರಿಗಳಿಂದ; ಮೊದಮೊದಲು ಅವರು ಬರೆದದ್ದು ಬಲದಿಂದ ಎಡಕ್ಕೆ; ಆಮೇಲೆ ಬಹಳ ಕಾಲ ಒಂದು ಸಾಲು ಅತ್ತ, ಮುಂದಿನದು ಇತ್ತ, ತಿರುಗುವಾಗ ಅಕ್ಷರಗಳ ಮುಖವನ್ನೂ ತಿರುಗಿಸಿ ಬರೆದರು; ಎಡದಿಂದ ಬಲಕ್ಕೆ ಅಂತ ನಿಂತದ್ದು ಕೊನೆಗೆ. ಅತ್ತಿತ್ತ ಬರೆಯುವ ಆ ಕ್ರಮಕ್ಕೆ ಗ್ರೀಕರೇ ಇಟ್ಟ ಹೆಸರಿನ ಅರ್ಥ, ಹೊಲದಲ್ಲಿ ಎತ್ತು ತಿರುಗುವ ಹಾಗೆ.

ನಾನು ಪುಸ್ತಕ ಎತ್ತಿಕೊಂಡು ಬರಿಗಾಲಲ್ಲಿ ಹೊಲದೊಳಗೆ ಓಡಿದೆ. ಬಿಸಿ ಮಣ್ಣಿಗೆ ಅಂಗಾಲು ಸುಟ್ಟದ್ದು ಗೊತ್ತಾದದ್ದು ಸಂಜೆಗೆ. ಉಸಿರು ಬಿಡುತ್ತ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪನಿಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ.

"ಹಂಗಾರ ಅವರೂ ಒಕ್ಕಲತನದವ್ರೇ ಅನ್ನು," ಅಂದ. "ಮುಂದ ಯಾಕ ಕೆಟ್ರಂತ?"

ಮರುದಿನದ ಮೊದಲ ಬಸ್ಸಿಗೇ ಉದಗೀರಕ್ಕೆ ತಿರುಗಿದೆ. ನಿಲಂಗಾದಲ್ಲಿ ಎರಡು ತಾಸು ಬಸ್ಸಿಲ್ಲ, ಆ ಎರಡು ತಾಸು ನಿಂತು ನಿಂತು ಸವೆದೆ. ದವಾಖಾನೆಯಲ್ಲಿ ಹಕೀಮರು ಒಬ್ಬರೇ ಕೂತು ನೊಣ ಹೊಡೆಯುತ್ತಿದ್ದರು. ನಾನು ಸಣ್ಣಕ್ಷರದ ಸಾಲುಗಳನ್ನು ಉರ್ದುವಿಗೆ ಹೊರಳಿಸಿ ಓದಿದೆ. ಇನ್ನೊಮ್ಮೆ ಓದಲು ಹೇಳಿದರು, ಓದಿದೆ. ಎದ್ದು, ಸ್ಟೂಲು ಹಾಕಿಕೊಂಡು, ನಾನು ಬೇಡವೆಂದರೂ ಕೇಳದೆ ತಾವೇ ಹತ್ತಿ ಅಟ್ಟದಿಂದ ಬಯಾಜ್ ಇಳಿಸಿದರು.

"ಅಂದ್ರ ಉಸ್ತಾದರು ತಪ್ಪಿದ್ದಿಲ್ಲ," ಅಂದರು. "ನಾನೂ ತಪ್ಪಿದ್ದಿಲ್ಲ. ಬಾಳ ಹಳಬ ಇದ್ದೆ, ಅಷ್ಟೇ." ಇಬ್ಬರೂ ಏನೂ ಆಗಿಲ್ಲವೆಂಬಂತೆ ಒಂದು ಸುತ್ತು ಶುಂಠಿ ಕುಟ್ಟಿದೆವು.

ಅವತ್ತೇ ನಿರ್ಧಾರ ಮಾಡಿದೆ. ನೋಟ್ಸು ಬರೆಸುವುದಿಲ್ಲ. ಕಲಿತದ್ದನ್ನು ಕಲಿತ ಹಾಗೇ ಹೇಳುವುದು, ಯಾರಿಂದ ಕಲಿತೆನೋ ಅವರನ್ನು ವರ್ಗದೊಳಗೆ ಕೂಡಿಸಿಕೊಂಡೇ ಹೇಳುವುದು. ಹಕೀಮರು ಬರಲು ಹಿಂದೆಮುಂದೆ ನೋಡಿದರು. ಕಂಪೌಂಡರರು ಕೂಡಲೇ ಒಪ್ಪಿದರು, ಆದರೆ ಇಬ್ಬರಿಗೂ ಒಂದೇ ಬೆಂಚು ಅಂದಾಗ ಮುಖ ಹುಳ್ಳಗೆ ಮಾಡಿದರು. ಹೆಡ್‌ಮಾಸ್ತರರಿಗೆ ನಾನು ಹೇಳಲೇ ಇಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದರು, ಅವರ ಮಾತು ಮೀರುವ ಧೈರ್ಯ ನನಗೆ ಎದುರಿನಲ್ಲಿ ಇರುತ್ತಿರಲಿಲ್ಲ.

ಇನ್‌ಸ್ಪೆಕ್ಟರರು ಬಂದ ದಿನ ಹಿಂದಿನೆರಡು ದಿನ ಬಿದ್ದ ಮಳೆಗೆ ನೆಲ ಹದವಾಗಿತ್ತು. ಕೊಡೆ, ಕರಿಕೋಟು, ಬಾಯಿಗೆ ಕರವಸ್ತ್ರ. ಒಂದೇ ಸಮನೆ ಕೆಮ್ಮುತ್ತಿದ್ದರು. ಕಂಪೌಂಡರರು ಹಿಂದಿನ ಬೆಂಚಿನ ಒಂದು ತುದಿಗೆ ಬಂದು ಕೂತಿದ್ದರು. ಇನ್ನೊಂದು ತುದಿ ಖಾಲಿ. ಹೆಡ್‌ಮಾಸ್ತರು ಅವರತ್ತ ನೋಡಿ ನನ್ನತ್ತ ಹುಬ್ಬು ಗಂಟಿಕ್ಕಿದರು.

ಇನ್‌ಸ್ಪೆಕ್ಟರರು ಒಂದು ಮಗುವಿನ ವಹಿ ತೆಗೆದು ನೋಡಿದರು. ಖಾಲಿ. ಇನ್ನೊಂದು ತೆಗೆದರು. ಅದೂ ಖಾಲಿ.

"ನೋಟ್ಸ್ ಎಲ್ಲವ್ರೀ?"

"ಬರಸಿಲ್ರೀ ಸಾಹೇಬ್," ಅಂದೆ. ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಹಕೀಮರು ಕಾಣಿಸಿದರು. ಕರಿಯ ಶೇರವಾನಿಗೆ ಕರ್ಪೂರದ ವಾಸನೆ, ಕಂಕುಳಲ್ಲಿ ಬಟ್ಟೆ ಸುತ್ತಿದ ಬಯಾಜ್. ನಲವತ್ತೈದು ವರ್ಷ ಆ ಊರಿನಲ್ಲಿದ್ದೂ ಆ ಶಾಲೆಯ ಹೊಸ್ತಿಲು ಅವರು ತುಳಿದಿರಲಿಲ್ಲ. ಹೆಡ್‌ಮಾಸ್ತರು ಸರಕ್ಕನೆ ಹೋಗಿ ಅಡ್ಡ ನಿಂತರು. "ಆತ್ತಾ ನಕೋ, ಹಕೀಮಸಾಬ್, ಆಮೇಲೆ ಬರ್ರಿ" ಅನ್ನುತ್ತಿದ್ದರು. ಹಕೀಮರು ತಿರುಗಲು ಅಣಿಯಾದರು.

"ಯಾರವರು?" ಇನ್‌ಸ್ಪೆಕ್ಟರರು ಕೇಳಿದರು.

ಯಾರೋ ರೋಗಿ ನೋಡಲು ಬಂದವರು ಅನ್ನಬಹುದಿತ್ತು. ತಹಸೀಲ ಕಚೇರಿಯ ಹೆಂಚು ಕಣ್ಣ ಮುಂದೆ ಬಂತು. "ನನ್ನ ಗುರುಗಳ್ರೀ ಸಾಹೇಬ್," ಅಂದೆ. "ಗ್ರೀಕು ನನಗ ಇವರೇ ಕಲ್ಸ್ಯಾರ."

ಇನ್‌ಸ್ಪೆಕ್ಟರರು ಹಕೀಮರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗುರುಗಳನ್ನ ಬಾಗಲ್ದಾಗ ನಿಂದ್ರಸ್ತಾರೇನ್ರೀ? ಒಳಗ ಕರೀರಿ," ಅಂದರು. ಗ್ರೀಸು ಬಂದು ಬೆಂಚಿನ ಖಾಲಿ ತುದಿಗೆ ಕೂತಿತು. ನಡುವೆ ಮೂರು ಮಕ್ಕಳು ಕೂಡುವಷ್ಟು ಜಾಗ ಬಿಟ್ಟೇ ಕೂತಿತು.

ನನಗೆ ಆಗ ಧೈರ್ಯ ಎಲ್ಲಿಂದ ಬಂತೋ. ಮಕ್ಕಳನ್ನೆಲ್ಲ ಕಿಟಕಿಗೆ ಕರೆದೆ. ಶಾಲೆಯ ಹಿಂದಿನ ಹೊಲದಲ್ಲಿ ಯಾರೋ ಹದ ನೋಡಿ ಕೂರಿಗೆ ಹೂಡಿದ್ದರು. ಎತ್ತು ಹೆಂಗ ಹೋಗ್ತಾವ, ಹೆಂಗ ಬರ್ತಾವ ನೋಡ್ರಿ ಅಂದೆ. ನೋಡುವುದೇನು, ಅವರಲ್ಲಿ ಮುಕ್ಕಾಲು ಮಂದಿ ಕೂರಿಗೆ ಹಿಡಿದವರೇ. ವಾಪಸು ಬಂದು ಹಲಗೆಯ ಮೇಲೆ ಎಡದಿಂದ ಒಂದು ಸಾಲು ಗ್ರೀಕ್ ಅಕ್ಷರ ಬರೆದೆ. ತುದಿ ಮುಟ್ಟಿದ ಕೂಡಲೇ ಖಡು ಎತ್ತದೆ ಕೆಳಗಿಳಿಸಿ, ಅಕ್ಷರಗಳ ಮುಖ ತಿರುಗಿಸಿ ಬಲದಿಂದ ಎಡಕ್ಕೆ ಬಂದೆ. ಮೂರನೆಯ ಸಾಲು ಮತ್ತೆ ಅತ್ತ. "ಸರ್, ಎತ್ತು ತಿರುಗಿದಂಗ!" ಅಂತ ವರ್ಗ ಒಮ್ಮೆಲೇ ಕೂಗಿತು. ಹಳೆಯ ಗ್ರೀಕರೂ ಅದಕ್ಕೆ ಅದೇ ಹೆಸರಿಟ್ಟಿದ್ದರು ಅಂದೆ.

ಆಮೇಲೆ ಪಾಠ ತಾನೇ ಓಡಿತು. ಕಲಮು, ಕಾನೂನು ಯಾವ ಊರಿಂದ ಹೊರಟು ಯಾವ ಊರು ಹಾದು ನಮ್ಮ ಬಾಯಿಗೆ ಬಂದವು. ಕ್ಯಾಲೆಂಡರಿನಲ್ಲಿ ಅಡಗಿರುವ ಏಳು, ಎಂಟು. ನಮ್ಮ ಸೀಮೆಯ ತೇರ ಎಂಬ ಹಳೆಯ ಊರಿನ ಅರಿವೆ ಗಾಡಿ ಏರಿ, ಘಟ್ಟ ಇಳಿದು, ಹಡಗು ಹತ್ತಿ ರೋಮಿನವರ ಮೈಮೇಲೆ ಹೋದದ್ದು. ಮಕ್ಕಳು ತಮ್ಮ ತಮ್ಮ ಹೆಸರನ್ನು ಗ್ರೀಕ್ ಅಕ್ಷರದಲ್ಲಿ ಅತ್ತಿತ್ತ ಬರೆದು, ಪಾಟಿ ಎತ್ತಿ ಒಬ್ಬರಿಗೊಬ್ಬರು ತೋರಿಸಿ ಗದ್ದಲವೋ ಗದ್ದಲ. ನಡುವೆ ಇನ್‌ಸ್ಪೆಕ್ಟರರಿಗೆ ಕೆಮ್ಮು ಒತ್ತರಿಸಿ ಬಂತು.

"ಬಲಗಮ," ಅಂದರು ಹಕೀಮರು, ತಡೆಯಲಾರದೆ. "ಜ್ಯೇಷ್ಠಮಧಾ, ಜೇನ್ತುಪ್ಪದಾಗ."

"ಬಿಸ್ ದೀಯೆ," ಅಂದರು ಕಂಪೌಂಡರರು ಬೆಂಚಿನ ಆ ತುದಿಯಿಂದ. "ಊಟದ ನಂತರ."

ಮೊದಲು ನಕ್ಕವರು ಇನ್‌ಸ್ಪೆಕ್ಟರರೇ, ಆಮೇಲೆ ವರ್ಗ, ಕೊನೆಗೆ ಹೆಡ್‌ಮಾಸ್ತರು. ಆರು ವರ್ಷದ ಮೇಲೆ ಗ್ರೀಸೂ ರೋಮೂ ಒಬ್ಬರ ಮುಖ ಒಬ್ಬರು ನೋಡಿದರು.

ಇನ್‌ಸ್ಪೆಕ್ಟರರು ಎದ್ದು ಹಲಗೆಯ ಹತ್ತಿರ ಬಂದು ನನ್ನ ಕೈಯಿಂದ ಖಡು ಇಸಿದುಕೊಂಡರು. ನನ್ನ ಮೂರನೆಯ ಸಾಲು ಮುಗಿದಿದ್ದ ಬಲತುದಿಯಿಂದ ನಾಲ್ಕನೆಯ ಸಾಲು ಹಿಡಿದು, ಮೇಲಿನ ಅಕ್ಷರಗಳನ್ನು ನೋಡಿ ನೋಡಿ ತಿರುಗಿಸುತ್ತ ಎಡಕ್ಕೆ ಬಂದರು. ಒಂದೂ ಅಕ್ಷರ ತಪ್ಪಲಿಲ್ಲ. "ನನ್ನ ಕೈನೂ ಉರ್ದೂದಾಗೇ ಪಳಗಿದ್ದು ಮಾಸ್ತರ," ಅಂದರು ಮೆಲ್ಲಗೆ. "ಅದು ಉಪಯೋಗಕ್ಕ ಬರ್ತದಂತ ಅಂದ್ಕೊಂಡಿದ್ದಿಲ್ಲ." ಆಫೀಸಿಗೆ ಹೋಗಿ ಭೇಟಿಯ ಪುಸ್ತಕದಲ್ಲಿ ಷರಾ ಬರೆದರು. ಈ ಶಿಕ್ಷಕರನ್ನು ಈ ಶಾಲೆಯಿಂದ ಕದಲಿಸಬಾರದು ಅಂತ ಒಂದೇ ವಾಕ್ಯ. ಹೆಡ್‌ಮಾಸ್ತರು ಅದನ್ನು ನನಗೆ ಓದಿ ತೋರಿಸಿ, ಸಾಹೇಬರಿಗೆಂದು ತರಿಸಿದ್ದರಲ್ಲಿ ತಮ್ಮ ಪಾಲಿನ ಪೇಢೆ ನನ್ನ ಬಾಯಿಗೆ ಹಾಕಿದರು. ನಾನು ಆ ದಿನ ಕುಣಿಯುವುದೊಂದು ಬಾಕಿ.

ಸುದ್ದಿ ಕೇಳಿ ಅಪ್ಪ ಬಿತ್ತನೆ ಮುಗಿದ ಮೇಲೆ ಉದಗೀರಕ್ಕೆ ಬಂದ, ನನ್ನ ಗುರುಗಳನ್ನು ನೋಡಬೇಕೆಂದು. ಹೆಗಲ ಚೀಲದಲ್ಲಿ ಹಕೀಮರಿಗೆಂದು ಹೊಸ ತೊಗರಿಬೇಳೆ. ನಾವು ಹೋದಾಗ ದವಾಖಾನೆಯ ಮುಂದೆ ಏಣಿ ನಿಂತಿತ್ತು. ಹಳೆಯ ಬೋರ್ಡಿಗೆ ಹೊಸ ಬಣ್ಣ ಆಗುತ್ತಿತ್ತು, ಹಕೀಮರು ಕೆಳಗೆ ನಿಂತು ಕೈಮಾಡಿ ಹೇಳುತ್ತಿದ್ದರು, ಕಂಪೌಂಡರರು ಏಣಿ ಹಿಡಿದಿದ್ದರು. ಪೇಂಟರ್ ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ ಕನ್ನಡದಲ್ಲಿ ದವಾಖಾನೆಯ ಹೆಸರು ಬರೆದು ಮುಗಿಸಿದ. ಏಣಿ ಸರಿಸಲಿಲ್ಲ. ನಿಂತಲ್ಲೇ ಕುಂಚವನ್ನು ಒಂದು ಗೇಣು ಕೆಳಗಿಳಿಸಿ, ಅದೇ ಬಲತುದಿಯಿಂದ ಉರ್ದುವಿನ ಸಾಲು ಶುರು ಮಾಡಿ ಎಡಕ್ಕೆ ಹೊರಟ.

ಅಪ್ಪನಿಗೆ ಎರಡೂ ಓದಲು ಬರುತ್ತಿರಲಿಲ್ಲ. ಬೇಳೆಯ ಚೀಲ ಹೆಗಲಲ್ಲೇ ಮರೆತು, ಕತ್ತು ಎತ್ತಿ ಕೊನೆಯವರೆಗೂ ನೋಡಿದ.

"ಇಂವಗ ಕೆಲಸ ಗೊತ್ತದ ನೋಡು ತಮ್ಮಾ," ಅಂದ. "ಖಾಲಿ ಕೈಲೆ ತಿರುಗಲಿಲ್ಲ."